ರಾಜನ ಕೊನೆಗೆ ಪೊರಕೆ

ಜನವರಿ ೯

ಪ್ರಿಯ ಕೊಂಬು,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಅರ್ಧ ಮಾತನ್ನು ನನ್ನ ಕಿವಿಯ ಮೆಷಿನ್ನು ನುಂಗುತ್ತದೆ, ಉಳಿದರ್ಧ ನೀನೇ ನುಂಗುತ್ತೀ. ಕಾಗದವೇ ವಾಸಿ. ಇಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ವಿಷಯ ಏನೆಂದರೆ ನಮ್ಮ ವಾರಪತ್ರಿಕೆಯ ಪದಬಂಧ ಕೆಟ್ಟುಹೋಯಿತು. ಹಳೆಯ ಬಂಧಕಾರರು ಡಿಸೆಂಬರಿನಲ್ಲಿ ನಿವೃತ್ತರಾದರಂತೆ. ಇಪ್ಪತ್ತೊಂಬತ್ತು ವರ್ಷ, ಒಂದು ಭಾನುವಾರ ತಪ್ಪಿಸದೆ, ಆ ಮನುಷ್ಯ ಮರ್ಯಾದೆಯಾಗಿ ಬಂಧ ಕಟ್ಟಿದರು. 'ಸೂರ್ಯ' ಅಂದರೆ 'ರವಿ'. 'ಆನೆ' ಅಂದರೆ 'ಕರಿ'. ಅಷ್ಟೇ. ಇನ್ನೂರ ಹನ್ನೆರಡು ಸಲ 'ರವಿ' ಬಂದಿದೆ, ನಾನು ಎಣಿಸಿದ್ದೇನೆ. ನಾನೇನಾದರೂ ದೂರಿದೆನಾ?

ಈಗ ಹೊಸಬನೊಬ್ಬ ಬಂದಿದ್ದಾನೆ. ಹೆಸರು ಹಾಕಿಕೊಳ್ಳುವ ಧೈರ್ಯವಿಲ್ಲ, ಕೆಳಗೆ 'ಬಂಧಕಾರ' ಎಂದು ಮಾತ್ರ. ಈ ವಾರದ ಮೊದಲ ಸುಳಿವು ನೋಡು: 'ಹಿಂದಿನಿಂದ ಓದು, ಮುಂದಿನಿಂದ ಓದು, ಗಾಳಿ ಬರುತ್ತದೆ (೩).' ಉತ್ತರ 'ಕಿಟಕಿ' ಅಂತೆ! ಗಾಳಿ ಬರುತ್ತದೆ ಎಂದು ಅಷ್ಟು ಖಚಿತವಾಗಿ ಹೇಳಲು ಇವನ್ಯಾರು? ನನ್ನ ಕೋಣೆಯ ಕಿಟಕಿಗೆ ಹೋದ ವರ್ಷ ಬಣ್ಣ ಬಳಿದವರು ಅದನ್ನು ಚೌಕಟ್ಟಿಗೇ ಅಂಟಿಸಿ ಹೋಗಿದ್ದಾರೆ. ಹಿಂದಿನಿಂದ ನೂಕಿದರೂ ಬರದು, ಮುಂದಿನಿಂದ ಎಳೆದರೂ ಬರದು.

ಮೂವತ್ತನಾಲ್ಕು ವರ್ಷ ಪಠ್ಯಪುಸ್ತಕದ ಪ್ರೆಸ್ಸಿನಲ್ಲಿ ಕರಡು ತಿದ್ದಿದವನು ನಾನು. ಒಂದು ಒತ್ತಕ್ಷರ ಜಾರಿದರೂ ನನ್ನ ಕಣ್ಣು ತಪ್ಪಿಸಿಕೊಂಡು ಹೋಗಿದ್ದಿಲ್ಲ. ಇದು ತಗಡು. ಅಪ್ಪಟ ತಗಡು.

ನಿನ್ನ ಅತ್ತಿಗೆ ಹೇಳುತ್ತಾಳೆ: "ಬಿಡ್ರೀ, ಇಷ್ಟು ದಿನ ನನ್ನ ತಪ್ಪು ಹುಡುಕ್ತಿದ್ರಿ, ಈಗ ಆ ಪುಣ್ಯಾತ್ಮನದು ಹುಡುಕಿ. ನನಗೂ ಸ್ವಲ್ಪ ರಜ ಸಿಗಲಿ."

ನೀನೂ ಇದೇ ಪತ್ರಿಕೆ ತರಿಸುತ್ತೀಯಲ್ಲ, ನಿನಗೇನನ್ನಿಸಿತು? ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಗೆ ಅಕ್ಷರ ಓದಿಸಿ ಓದಿಸಿ ನಿನಗೆ ಅಕ್ಷರವೇ ಸಾಕಾಗಿರಬೇಕು. ಆದರೂ ಬರೆ.

ನಿನ್ನ ಅಣ್ಣ


ಜನವರಿ ೧೫ (ಕಳಿಸದ್ದು)

ಅಣ್ಣ,

ಆ ಹೊಸಬ ನಾನೇ.

ಬರೆದು ನೋಡಿದೆ. ಬರೆಯುವುದು ಸುಲಭ. ಲಕೋಟೆಗೆ ಹಾಕುವುದು ಅಲ್ಲ, ಆದ್ದರಿಂದ ಇದು ಮೇಜಿನ ಡ್ರಾಯರಿಗೆ.

ಸಂಪಾದಕರು ಹೆಸರು ಹೊರಗೆ ಬಿಡಬೇಡಿ ಅಂದಿದ್ದಾರೆ. ಅದು ನೆಪ. ನಿಜ ಏನು ಅಂದರೆ, ನನಗೆ ಹತ್ತೊಂಬತ್ತಾಗಿದ್ದಾಗ ಒಂದು ಬಂಧ ಕಟ್ಟಿದ್ದೆ. ಇದೇ ಪತ್ರಿಕೆಗೆ ಕಳಿಸಬೇಕು ಅಂತ ವಿಳಾಸ ಬರೆದು ಮೇಜಿನ ಮೇಲಿಟ್ಟಿದ್ದೆ. ನೀನು ಆಗ ಪ್ರೆಸ್ಸಿಗೆ ಸೇರಿ ಮೂರು ತಿಂಗಳು. ಕೈಯಲ್ಲಿ ಕೆಂಪು ಪೆನ್ನು, ಕಂಡದ್ದೆಲ್ಲ ಕರಡು. ಸಂಜೆ ಬಂದು ನೋಡಿದರೆ ಹದಿನೆಂಟು ಕೆಂಪು ಸುತ್ತು. ಅಂಚಿನಲ್ಲಿ ನಿನ್ನ ಮುದ್ದಾದ ಅಕ್ಷರದಲ್ಲಿ 'ಬಾಲಿಶ'. ನಾನು ಅದನ್ನು ಕಳಿಸಲಿಲ್ಲ. ಆಮೇಲೆ ಮೂವತ್ತೇಳು ವರ್ಷ ಇನ್ನೊಂದು ಕಟ್ಟಲೂ ಇಲ್ಲ.

ಈಗ ಮಾರ್ಚ್ ಕೊನೆಯವರೆಗೆ ಪರೀಕ್ಷೆಗೆ ಇಟ್ಟಿದ್ದಾರೆ. "ಓದುಗರ ಪತ್ರ ನೋಡ್ಕೊಂಡು ಮುಂದುವರಿಸೋದೋ ಬಿಡೋದೋ ಹೇಳ್ತೀವಿ ಮೇಡಂ" ಅಂದರು. ಓದುಗರ ಪತ್ರ! ನನ್ನ ಪುಣ್ಯಕ್ಕೆ ಮೊದಲ ಓದುಗ ನೀನೇ ಆಗಬೇಕಿತ್ತಾ?


ಜನವರಿ ೧೬

ಅಣ್ಣ,

ಕಾಗದ ತಲುಪಿತು. ನಾನೂ ಬಂಧ ನೋಡಿದೆ. 'ಕಿಟಕಿ' ನನಗೇನೋ ಚೆನ್ನಾಗಿದೆ ಅನ್ನಿಸಿತು. ಹೊಸಬರಿಗೆ ಸ್ವಲ್ಪ ದಿನ ಕೊಡು.

ನಿನ್ನ ಕಿಟಕಿಗೆ ತೆಳುವಾದ ಚಾಕು ತಗೊಂಡು ಅಂಚಿನುದ್ದಕ್ಕೂ ಎಳೆ, ಬಿಟ್ಟುಕೊಳ್ಳುತ್ತೆ. ಅತ್ತಿಗೆಗೆ ನನ್ನ ನೆನಪು ಹೇಳು. ಅವರ ಹೊಸ ಕನ್ನಡಕ ಹೇಗಿದೆ?

ಕೊಂಬು


ಫೆಬ್ರವರಿ ೨

ಕೊಂಬು,

ಹೊಸಬರಿಗೆ ದಿನ ಕೊಡು ಅನ್ನುತ್ತೀ. ನಾಲ್ಕು ವಾರ ಕೊಟ್ಟೆ. ಈ ಭಾನುವಾರದ್ದು ಕೇಳು: 'ಆನೆ ತಿರುಗಿ ನಿಂತಿತು, ಅವಳ ಕೊನೆಯೂ ಸೇರಿತು: ಮನೆ ಇದ್ದಲ್ಲಿ ಇದ್ದದ್ದೇ (೩).'

ಎರಡು ಹಗಲು ಕೂತೆ. ಆನೆ 'ಗಜ', ಅದನ್ನು ತಿರುಗಿಸಿ 'ಜಗ', 'ಅವಳ' ಎಂಬುದರ ಕೊನೆಯ 'ಳ', ಎಲ್ಲ ಸೇರಿ 'ಜಗಳ'! ಆನೆ ತಿರುಗಿ ನಿಂತರೆ ಮನುಷ್ಯರಿಗೆ ಬಾಲ ಕಾಣುತ್ತದೆ. ಇವನಿಗೆ ಜಗ ಕಾಣುತ್ತದಂತೆ. ಇವನಿಗೇನು ತಲೆಯ ಮೇಲೆ ಎರಡು ಕೊಂಬು ಬಂದಿದೆಯಾ? (ನಿನ್ನನ್ನಲ್ಲ ಅಂದದ್ದು. ನೀನು ಒಂದನೇ ಕ್ಲಾಸಿನಲ್ಲಿ 'ಹಾಲು' ಬರೆಯುವಾಗ ಕೊಂಬು ಬಿಟ್ಟು 'ಹಾಲ' ಬರೆದದ್ದಕ್ಕೆ ಬಂದ ಹೆಸರು ಅದು. ನನಗೆ ಎಲ್ಲ ನೆನಪಿದೆ.)

ಲೈಬ್ರರಿಯಲ್ಲಿ ವಿಚಾರಿಸಿದೆ. ಹಲ್ಲಿನ ಡಾಕ್ಟರು, ಅವರೂ ನನ್ನಂತೆ ವಾರವಾರ ಬಂಧ ಬಿಡಿಸುವ ಹಳಬರು, "ಸಾರ್, ನನ್ನ ಪೇಷೆಂಟುಗಳಿಗಿಂತ ನಾನೇ ಜಾಸ್ತಿ ಹಲ್ಲು ಕಡೀತಿದೀನಿ" ಅಂದರು. ಆದ್ದರಿಂದ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಸಂಪಾದಕರಿಗೆ ಒಂದು ಮನವಿ. ಈ ಬಂಧಕಾರನನ್ನು ಬದಲಿಸಿ ಎಂದು. ಸಹಿ ಹಾಕಿಸುತ್ತಿದ್ದೇನೆ. ಈಗಾಗಲೇ ಏಳು.

ಹದಿನಾರು ವರ್ಷದ ಹಿಂದೆ ಇದೇ ಪತ್ರಿಕೆ ಒಂದು ಹುಳಿತ ಹಾಸ್ಯದ ಅಂಕಣ ಶುರುಮಾಡಿದಾಗ ನಾನೊಬ್ಬನೇ ಹನ್ನೊಂದು ಕಾಗದ ಬರೆದು ನಿಲ್ಲಿಸಿದ್ದೆ. ಈಗ ನಾವು ಏಳು ಜನ. ಅವನು ಎಷ್ಟು ದಿನ ನಿಲ್ಲುತ್ತಾನೆ ನೋಡುತ್ತೇನೆ.

ಕಿಟಕಿಗೆ ಚಾಕು ಎಳೆದೆ. ಚಾಕು ಮುರಿಯಿತು.

ಅಣ್ಣ


ಫೆಬ್ರವರಿ ೧೦

ಅಣ್ಣ,

ಮನವಿ ಗಿನವಿ ಎಲ್ಲ ಯಾಕೆ? ಇಷ್ಟವಾಗದಿದ್ದರೆ ಆ ಪುಟ ತಿರುಗಿಸಿಬಿಡು. ಯಾರ ಹೊಟ್ಟೆಪಾಡೋ, ಯಾರ ಆಸೆಯೋ. ಆ ಕಡೆ ಕೂತಿರುವವರಿಗೂ ಒಂದು ಮನಸ್ಸು ಇರುತ್ತೆ ಅಂತ ನಿನಗೆ ಯಾವತ್ತಾದರೂ ಅನ್ನಿಸಿದೆಯಾ?

ನಮ್ಮ ಅಂಗಡಿಗೆ ಒಬ್ಬರು ಬಂದಿದ್ದರು. ಬೋರ್ಡಿನ ಕೊನೆಯ ಸಾಲು ಓದಲಾಗಲಿಲ್ಲ. "ನಿಮ್ಮ ಬೋರ್ಡೇ ತಪ್ಪಾಗಿ ಅಚ್ಚಾಗಿದೆ" ಅಂತ ನನ್ನ ಮೇಲೆ ಎಗರಾಡಿದರು. ಮಸೂರ ಬದಲಿಸಿ ಹಾಕಿದೆ. ಸುಮ್ಮನೆ ಓದಿದರು. ಯಾಕೋ ನೀನು ನೆನಪಾದೆ.

ಕೊಂಬು


ಫೆಬ್ರವರಿ ೨೪

ಕೊಂಬು,

ನಿನ್ನ ಕನ್ನಡಕದ ಕಥೆ ಅರ್ಥವಾಯಿತು. ನನ್ನ ಕಣ್ಣು ಸರಿಯಾಗಿದೆ. ಹೋದ ತಿಂಗಳು ನೀನೇ ಕಳಿಸಿದ ಗಾಜು.

'ಯಾರ ಹೊಟ್ಟೆಪಾಡೋ' ಅಂತ ಬರೆದಿದ್ದೀ. ಈ ಮಾತಿನಿಂದಲೇ ದೇಶ ಹಾಳಾಗಿದ್ದು. ಸೇತುವೆ ಬಿದ್ದಾಗಲೂ ಇದೇ ಮಾತು, ಪಠ್ಯಪುಸ್ತಕದಲ್ಲಿ ನದಿಗಳು ಬೆಟ್ಟ ಹತ್ತಿದಾಗಲೂ ಇದೇ ಮಾತು. ತಪ್ಪು ಮಾಡಿದವನಿಗೆ ಮನಸ್ಸಿರುತ್ತದೆ, ಅದನ್ನು ಓದುವವನಿಗೆ ಮಾತ್ರ ಇರುವುದಿಲ್ಲ, ಅಲ್ಲವೇ?

ಆದರೆ ನಾನು ನ್ಯಾಯಸ್ಥ. ಈ ವಾರ ಒಂದೇ ಒಂದು ಸುಳಿವು ನಿಜಕ್ಕೂ ಚೆನ್ನಾಗಿತ್ತು: 'ಬೇಡದ್ದರ ತಲೆಗೆ ಹಾರ: ಹೋಗೆಂದರೂ ಹೋಗದು (೩).' 'ಬೇಡದ್ದು' ಎಂಬುದರ ತಲೆ 'ಬೇ', ಹಾರ ಅಂದರೆ 'ಸರ'. 'ಬೇಸರ'! ಒಬ್ಬನೇ ಕೂತು ನಕ್ಕೆ. ನಿನ್ನ ಅತ್ತಿಗೆ ಅಡುಗೆಮನೆಯಿಂದ ಓಡಿಬಂದು "ಏನಾಯ್ತೂ, ಎದೆನೋವಾ?" ಅಂದಳು. ಅಷ್ಟು ಅಪರೂಪವಾಗಿದೆ ಈ ಮನೆಯಲ್ಲಿ ನನ್ನ ನಗು. ಇದು ಖಂಡಿತ ಇವನದಲ್ಲ. ಎಲ್ಲೋ ಯಾರೋ ಹಿರಿಯರದ್ದು ಕದ್ದಿರಬೇಕು.

ಸಹಿ ಹತ್ತೊಂಬತ್ತಾಯಿತು.

ಅಣ್ಣ


ಮಾರ್ಚ್ ೩ (ಕಳಿಸದ್ದು)

ಅಣ್ಣ,

ಎಲ್ಲೋ ಯಾರೋ ಅಲ್ಲ. 'ಬೇಸರ' ನನ್ನದು. ಆ ಹದಿನೆಂಟರಲ್ಲಿ ಒಂದು. ಅದರ ಸುತ್ತ ನೀನು ಎರಡು ಸಲ ಸುತ್ತು ಹಾಕಿದ್ದೆ, ಪೆನ್ನಿನ ಮೊನೆ ಕಾಗದ ಹರಿದಿತ್ತು. ಅದರ ಪಕ್ಕದಲ್ಲೇ 'ಬಾಲಿಶ'.

ನಿನಗೆ ರವಿಯ ಇನ್ನೂರ ಹನ್ನೆರಡು ನೆನಪಿದೆ. ಹಾಸ್ಯದ ಅಂಕಣ ನಿಲ್ಲಿಸಿದ ಹನ್ನೊಂದು ಕಾಗದ ನೆನಪಿದೆ. ನನ್ನ ಹದಿನೆಂಟು ನೆನಪಿಲ್ಲ. ನೀನು ನೆನಪಿಟ್ಟುಕೊಂಡು ದ್ವೇಷಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ. ನಿನಗೆ ಬಂಧದಲ್ಲೇ ಹೇಳುತ್ತೇನೆ. ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ಮಾತು ಹಾಕಿ ಒಂದು ಸುಳಿವು ಮಾಡಿದ್ದೇನೆ. ಓದಿದ ಕೂಡಲೇ ಫೋನ್ ಮಾಡುತ್ತೀಯ. ಮಾಡೇ ಮಾಡುತ್ತೀಯ.


ಮಾರ್ಚ್ ೧೮

ಕೊಂಬು,

ಸಿಕ್ಕಿಬಿದ್ದ! ಬಂಧಕಾರ ಕೊನೆಗೂ ತಾನೇ ತೋಡಿದ ಗುಂಡಿಗೆ ಬಿದ್ದ!

ಈ ವಾರದ ಹನ್ನೆರಡನೇ ಸುಳಿವು: 'ರಾಜನ ಕೊನೆಗೆ ಪೊರಕೆ: ಇನ್ನು ಜಗಳವಿಲ್ಲ (೨).' ಲೈಬ್ರರಿಯಲ್ಲಿ ಒಬ್ಬರಿಗೂ ಬರಲಿಲ್ಲ. ಡಾಕ್ಟರು 'ಸಂಧಿ' ಅಂದರು, ಲೈಬ್ರರಿಯಮ್ಮ "ಸಾರ್, ರಾಜ ಕಸ ಹೊಡೀತಾನಾ, ಏನಿದು ಅನ್ಯಾಯ" ಅಂದರು. ನನಗೆ ಒಂದೇ ಕ್ಷಣದಲ್ಲಿ ಬಂತು. 'ರಾಜ' ಶಬ್ದದ ಕೊನೆಯ 'ಜ'ಕ್ಕೆ ಗುಡಿಸು ಕೊಟ್ಟರೆ 'ಜಿ'. 'ರಾಜಿ'! ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಆದರೆ ಗುಡಿಸು ಅಕ್ಷರದ ಮೇಲಿನ ಗುರುತು, ಪೊರಕೆ ಮೂಲೆಯಲ್ಲಿರುವ ವಸ್ತು. ಗುಡಿಸುವುದಕ್ಕೆ ಪೊರಕೆ ಬೇಕು ಎಂದ ಮಾತ್ರಕ್ಕೆ ಗುಡಿಸಿಗೆ ಪೊರಕೆ ಎನ್ನುತ್ತಾರೆಯೇ? ನನ್ನ ಕಪಾಟಿನ ಆರು ನಿಘಂಟುಗಳಲ್ಲೂ ಇಲ್ಲ.

ತಮಾಷೆ ಏನು ಗೊತ್ತಾ, ನಮ್ಮ ಮನೆಯಲ್ಲಿ ಮಾತ್ರ ಹಾಗೆ ಅನ್ನುತ್ತಿದ್ದೆವು. ನಿನಗೆ ಐದು ವರ್ಷ. ಅಪ್ಪ ಸ್ಲೇಟು ಹಿಡಿದು "ರಕ್ಕೆ ಗುಡಿಸು" ಅಂದರೆ ನೀನು ಎದ್ದುಹೋಗಿ ಅಡುಗೆಮನೆಯ ಪೊರಕೆ ಎಳೆದುಕೊಂಡು ಬಂದೆ. ಅವತ್ತಿನಿಂದ ಮನೆಯಲ್ಲಿ 'ರ ಪೊರಕೆ ರಿ, ಮ ಪೊರಕೆ ಮಿ'. ಎಂಥ ಕಾಕತಾಳೀಯ ನೋಡು!

ಹೀಗೆ ತನ್ನ ಮನೆಯ ಮಾತನ್ನೆಲ್ಲ ಊರಿನ ಬಂಧಕ್ಕೆ ತುರುಕುವವನನ್ನು ಬಿಡಬಾರದು. ಮನವಿಯಲ್ಲಿ ಇದನ್ನೇ ಮೊದಲನೇ ಆರೋಪ ಮಾಡಿದೆ. ಇಪ್ಪತ್ತಾರು ಸಹಿ. ಇವತ್ತು ಬೆಳಗ್ಗೆ ರಿಜಿಸ್ಟರ್ ಮಾಡಿ ಕಳಿಸಿಬಿಟ್ಟೆ.

ವಿಜಯಿ ಅಣ್ಣ


ಏಪ್ರಿಲ್ ೩

ಕೊಂಬು,

ಹದಿನಾರು ದಿನವಾಯಿತು, ಕಾಗದವಿಲ್ಲ. ಫೋನ್ ಎತ್ತುತ್ತಿಲ್ಲ. ಅಂಗಡಿಗೆ ಮಾಡಿದರೆ "ಮೇಡಂ ಕಣ್ಣು ಪರೀಕ್ಷೆಯಲ್ಲಿದ್ದಾರೆ" ಅನ್ನುತ್ತಾರೆ. ಬೆಳಗ್ಗೆಯೂ ಪರೀಕ್ಷೆ, ಸಂಜೆಯೂ ಪರೀಕ್ಷೆ. ಊರಿಗೆಲ್ಲ ಒಟ್ಟಿಗೆ ಕಣ್ಣು ಹೋಯಿತೇ?

ಮೈ ಸರಿಯಿಲ್ಲವಾ? ಒಂದು ಸಾಲು ಬರೆ.

ಅಣ್ಣ


ಏಪ್ರಿಲ್ ೬

ನೀನಾ?


ಏಪ್ರಿಲ್ ೧೦

ಅಣ್ಣ,

ಹೌದು.

ಇದರ ಜೊತೆ ನಾನು ಕಳಿಸದ ಎರಡು ಕಾಗದ ಇಟ್ಟಿದ್ದೇನೆ. ಓದು. ತಿದ್ದಬೇಡ.

ಕೊಂಬು


ಏಪ್ರಿಲ್ ೧೯

ಕೊಂಬು,

ಮೊದಲು ನಿನ್ನ ಮೇಲಿನ ಸಿಟ್ಟು ಮುಗಿಸುತ್ತೇನೆ, ಆಮೇಲೆ ನನ್ನ ಸರದಿ. ಇಪ್ಪತ್ತಾರು ಸಹಿ ಹಾಕಿಸುವವರೆಗೆ ಬಾಯಿಗೆ ಬೀಗ ಹಾಕಿಕೊಂಡು ಕೂತೆಯಲ್ಲ, ಇದು ಯಾವ ಸೀಮೆಯ ತಂಗಿತನ? 'ಅಣ್ಣ, ಅದು ನಾನು.' ಐದು ಅಕ್ಷರ, ಅರ್ಧ ಸಾಲೂ ಇಲ್ಲ. ಅಷ್ಟು ಬರೆಯಲು ನಿನಗೆ—

ಎಣಿಸಿದೆ. ಆರು ಅಕ್ಷರ. ನನ್ನ ಕೈ ಸರಿಯಾಗಿಲ್ಲ ಈ ವಾರ.

ಗೊತ್ತಾದದ್ದು ಹೇಗೆಂದರೆ, ಪೊರಕೆಯ ಸುಳಿವನ್ನು ನಿನ್ನ ಅತ್ತಿಗೆಗೆ ಓದಿ ಹೇಳಿದೆ. ಅವಳು ಕಸ ಗುಡಿಸುತ್ತಿದ್ದಳು. ಹಾಗೇ ಗೋಡೆಗೆ ಒರಗಿ ನಗತೊಡಗಿದಳು. "ರೀ, ಮದುವೆಯಾದ ಹೊಸದರಲ್ಲಿ ನೀವೇ ಅಲ್ವಾ ಹೇಳಿದ್ದು, ರ ಪೊರಕೆ ರಿ ಅಂತ? ಇನ್ನ್ಯಾವ ಮನೇಲಿ ಹಂಗಂತಾರೆ? ನಿಮ್ಮ ತಂಗಿ ಅಲ್ದೆ ಇನ್ಯಾರ್ರೀ ಅದು! ಮೂವತ್ನಾಲ್ಕು ವರ್ಷ ಅಕ್ಷರ ನೋಡಿದ್ರಿ, ಬರೆದೋರ್ನ ಒಂದಿನ ನೋಡ್ಲಿಲ್ಲ." ನಾನು ಕುರ್ಚಿಯಲ್ಲಿ ಕೂತವನು ಊಟಕ್ಕೆ ಏಳಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಮೂರು ಟ್ರಂಕು ತೆಗೆದು ಹುಡುಕಿದೆ. ಆ ಬಂಧ ಇಲ್ಲ. ಅದು ಇರುವುದು ನಿನ್ನ ಹತ್ತಿರ. ನಾನು ಹುಡುಕಿದ್ದು ಅದನ್ನಲ್ಲ, ಅದರ ನೆನಪನ್ನು. ಹದಿನೆಂಟು ಸುತ್ತು ಹಾಕಿದ ಕೈ ನನ್ನದು ಎಂದು ಗೊತ್ತು. 'ಬಾಲಿಶ' ನಾನೇ ಬರೆಯುವ ಶಬ್ದ. ಆದರೆ ಆ ಸಂಜೆ ನನಗೆ ನೆನಪಿಗೆ ಬರುತ್ತಿಲ್ಲ. ಊರಿನ ತಪ್ಪುಗಳೆಲ್ಲ ತಾರೀಖು ಸಮೇತ ಬಾಯಿಪಾಠ, ನನ್ನದೊಂದೇ ಖಾಲಿ ಚೌಕ. ಇದನ್ನು ಯಾರಿಗೆ ದೂರು ಕೊಡಲಿ?

ಆದ್ದರಿಂದ ಮಾಡಬೇಕಾದ್ದು ಮಾಡಿದೆ. ಲೈಬ್ರರಿಗೆ ಹೋಗಿ ಸಹಿ ಹಾಕಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಡಿದು, ಮನವಿ ಹಿಂತೆಗೆದುಕೊಳ್ಳುವ ಕಾಗದಕ್ಕೆ ಮತ್ತೆ ಸಹಿ ಕೇಳಿದೆ. ಕಾರಣ ಹೇಳಲಿಲ್ಲ, ನಿನ್ನ ಗುಟ್ಟು ನಿನ್ನದು. "ನಮಗೆ ಬರಲಿಲ್ಲ ಎಂದಾಕ್ಷಣ ಸುಳಿವು ತಪ್ಪಾಗುವುದಿಲ್ಲ" ಅಂದೆ. ಡಾಕ್ಟರು ಕನ್ನಡಕ ಕೆಳಗಿಳಿಸಿ, "ಏನ್ ಸಾರ್, ಎಲ್ಲಾದ್ರೂ ಪೊರಕೆ ಏಟು ಬಿತ್ತಾ?" ಅಂದರು. ಇಡೀ ವಾಚನಾಲಯ ನಕ್ಕಿತು. 'ನಿಶ್ಶಬ್ದ' ಎಂಬ ಬೋರ್ಡಿನ ಕೆಳಗೆ ಕೂತ ಲೈಬ್ರರಿಯಮ್ಮ ಎಲ್ಲರಿಗಿಂತ ಜೋರಾಗಿ. ಇಪ್ಪತ್ತೆರಡು ಜನ ಸಹಿ ಹಾಕಿದರು. ನಾಲ್ವರು "ನಮಗೆ ಸಿಟ್ಟು ಹಾಗೇ ಇದೆ" ಅಂದರು. ಆ ಕಾಗದವನ್ನೂ ರಿಜಿಸ್ಟರ್ ಮಾಡಿದ್ದೇನೆ.

ನಿನ್ನ ಅಂಕಣ ಹೋಗಿದ್ದರೆ ಅದಕ್ಕೆ ಕಾರಣ ನಾನು. ಉಳಿದಿದ್ದರೆ ಮಾತ್ರ ಹೇಳು. ಹೋಗಿದ್ದರೂ ಹೇಳು.

ಅಣ್ಣ


ಏಪ್ರಿಲ್ ೨೭

ಅಣ್ಣ,

ನಿನ್ನ ಕೈಗೆ ದೇವರು ಪೆನ್ನು ಯಾಕಾದರೂ ಕೊಟ್ಟನೋ!

ಕೇಳು. ಮಾರ್ಚ್ ಮೂವತ್ತಕ್ಕೆ ಸಂಪಾದಕರು ಫೋನ್ ಮಾಡಿದ್ದರು. ನಾನು ಮಸೂರದ ಪೆಟ್ಟಿಗೆ ಮುಚ್ಚಿಟ್ಟು, ಕೆಲಸ ಹೋಯಿತು ಅಂತಲೇ ಕಿವಿಗಿಟ್ಟೆ. ಅವರು ಕುಣಿಯುತ್ತಿದ್ದರು. "ಮೇಡಂ, ಇಪ್ಪತ್ತಾರು ಜನ ಸಹಿ ಹಾಕಿ ನಿಮ್ಮನ್ನ ತೆಗೀರಿ ಅಂದಿದಾರೆ! ಹಳೇ ಬಂಧಕ್ಕೆ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಕಾಗದ ಬಂದಿರ್ಲಿಲ್ಲ. ಯಾರೂ ಬಿಡಿಸ್ತಾನೇ ಇಲ್ಲ ಅಂದ್ಕೊಂಡಿದ್ವಿ. ಇಷ್ಟು ಜನ ಕೂದಲು ಕಿತ್ಕೊಳ್ತಿದಾರೆ ಅಂದ್ರೆ ಅಂಕಣ ಜೀವಂತ ಇದೆ. ಒಂದು ವರ್ಷಕ್ಕೆ ಗಟ್ಟಿ!"

ಇದನ್ನು ನಿನಗೆ ಹೇಳಲಿಲ್ಲ. ಬೇಕಂತಲೇ. ಸ್ವಲ್ಪ ಬೇಯಲಿ ಅಂತ.

ಈಗ ನೋಡು. ನಿನ್ನೆ ಅವರೇ ಮತ್ತೆ ಫೋನ್ ಮಾಡಿದರು, ದನಿ ಸಪ್ಪಗಿತ್ತು. "ಮೇಡಂ, ಎಲ್ಲರೂ ಸಮಾಧಾನ ಆಗ್ಬಿಟ್ರಂತೆ. ಸುಳಿವು ಸುಲಭ ಮಾಡ್ಬಿಟ್ರಾ? ಇದೂ ಹಳೇದರ ಹಾಗೆ ತಣ್ಣಗಾದ್ರೆ ಕಷ್ಟ. ಜೂನ್‌ನಲ್ಲಿ ಮತ್ತೆ ನೋಡೋಣ." ಅಣ್ಣ, ಐವತ್ತಾರು ವರ್ಷದಲ್ಲಿ ನೀನು ನನಗೆ ಮಾಡಿದ ದೊಡ್ಡ ಉಪಕಾರ ಆ ದೂರು. ಅದನ್ನೂ ಕೊಟ್ಟು ವಾಪಸ್ ತಗೊಂಡೆ.

ಹದಿನೆಂಟು ಸುತ್ತು ನಿನಗೆ ನೆನಪಿಲ್ಲ ಅಂದದ್ದು ಓದಿದೆ. ನೆನಪಿದೆ ಅಂತ ಸುಳ್ಳು ಬರೆದಿದ್ದರೆ ಈ ಕಾಗದ ಬರುತ್ತಿರಲಿಲ್ಲ. ಸದ್ಯಕ್ಕೆ ಅಷ್ಟು ಸಾಕು. ಎಲ್ಲ ಸರಿಹೋಯಿತು ಅಂತ ತಿಳಿಯಬೇಡ.

ದಯವಿಟ್ಟು ಬೈಯಲು ಶುರುಮಾಡು. ವಾರಕ್ಕೊಂದು ಕಾಗದ, ಸಂಪಾದಕರ ವಿಳಾಸಕ್ಕೆ. ಆ ನಾಲ್ವರನ್ನೂ ಸೇರಿಸಿಕೋ. ಪ್ರೀತಿಯಿಂದಲೇನೂ ಬೇಡ, ನಿನಗೆ ಬರುವಂತೆ ಬೈ.

ಕೊಂಬು


ಮೇ ೬

ಮಾನ್ಯ ಬಂಧಕಾರರಿಗೆ, ಸಂಪಾದಕರ ಮೂಲಕ,

ತಮ್ಮ ಕಳೆದ ವಾರದ ಬಂಧ ಓದಿ ಅತೀವ ಕಿರಿಕಿರಿಯಾಯಿತು. ನಾಲ್ಕನೇ ಸುಳಿವು ಮೂರು ದಿನ ನನ್ನ ಊಟ ಕೆಡಿಸಿತು. ಒಂಬತ್ತನೆಯದು ನನ್ನ ಹೆಂಡತಿಗೆ ನನಗಿಂತ ಮೊದಲು ಹೊಳೆದು ಮನೆಯಲ್ಲಿ ನನ್ನ ಸ್ಥಾನಮಾನಕ್ಕೆ ಧಕ್ಕೆಯಾಗಿದೆ. ಹಲ್ಲಿನ ಡಾಕ್ಟರೊಬ್ಬರು ತಮ್ಮಿಂದಾಗಿ ಬೇರೆಯವರ ಹಲ್ಲು ಕೀಳುವಾಗ ಸುಳಿವು ಗೊಣಗುತ್ತಿದ್ದಾರೆ ಎಂದು ದೂರು ಬಂದಿದೆ. ಈ ಅನ್ಯಾಯವನ್ನು ಉಗ್ರವಾಗಿ ಖಂಡಿಸುತ್ತೇನೆ. ಮುಂದಿನ ವಾರವೂ ಖಂಡಿಸುತ್ತೇನೆ. ಉಸಿರಿರುವವರೆಗೆ ಖಂಡಿಸುತ್ತೇನೆ.

ಬರಿಯ ಬೈಗುಳವಾಗದಿರಲೆಂದು ತಮಗೆ ಪಾಠವಾಗುವಂತೆ ನಾನೇ ಒಂದು ಸುಳಿವು ರಚಿಸಿ ಇದರೊಂದಿಗೆ ಕಳಿಸಿದ್ದೇನೆ. ಜೀವನದಲ್ಲಿ ಮೊದಲನೆಯದು. ಇಷ್ಟು ವರ್ಷ ಬೇರೆಯವರದ್ದಕ್ಕೆ ಸುತ್ತು ಹಾಕುವುದು ಎಷ್ಟು ಸುಲಭವಿತ್ತು ಎಂದು ಇದನ್ನು ಕಟ್ಟುವಾಗ ತಿಳಿಯಿತು. ಎಂಟು ಹಾಳೆ ಹರಿದೆ.

'ತಗಡು ಎಂದವನ ಮಾತಿನ ಬಾಲ ಕತ್ತರಿಸಿ. ಮೊದಲಿಗೆ ಸೊನ್ನೆ, ಎರಡನೆಯದಕ್ಕೆ ಪೊರಕೆ. ಬಂಧಕಾರರು ಸಿಗುತ್ತಾರೆ (೩).'

ಇತಿ,
ಒಬ್ಬ ನೊಂದ ಓದುಗ


ಮೇ ೧೨

ಅಣ್ಣ,

ನಿನ್ನ ಕಾಗದವನ್ನು ಸಂಪಾದಕರು ನನಗೆ ಕಳಿಸಿಕೊಟ್ಟರು. ಮೇಲೆ 'ಭೇಷ್, ಇಂಥವು ಇನ್ನೂ ಬರಲಿ' ಅಂತ ಬರೆದಿದ್ದಾರೆ.

'ತಗಡು' ಬಾಲ ಕಳೆದು 'ತಗ'. ತಕ್ಕೆ ಸೊನ್ನೆ, ಗಕ್ಕೆ ಪೊರಕೆ. ಬಿಡಿಸಿದೆ. ಆಮೇಲೆ ಬೋರ್ಡಿನ ದೀಪ ಆರಿಸಿ, ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಕೆಂಪು ಪೆನ್ನು ಹುಡುಕಿದೆ.

ನಿನ್ನ ಹಾಳೆಯನ್ನು ವಾಪಸ್ ಇಟ್ಟಿದ್ದೇನೆ, ನೋಡಿಕೋ. ಒಂದೇ ಒಂದು ಕೆಂಪು ಸುತ್ತು, ಆ '೩'ರ ಮೇಲೆ. ಸೊನ್ನೆಗೆ ಬೇರೆ ಮನೆ ಇಲ್ಲ ಅಣ್ಣ. ಅದು ತನ್ನ ಅಕ್ಷರದ ಜೊತೆಗೇ ಇರುತ್ತೆ. ಎರಡೇ.

ಉಳಿದದ್ದು ಅಚ್ಚಿಗೆ ಹೋಗಬಹುದು.

ತಂಗಿ